ಹಿಡಿ ಕಾಯುವವಳು

"ಎದ್ದೇಳೇ ಮುಂಡೆ. ನಿಮ್ಮಪ್ಪನ ಮನೆ ಸ್ವಿಚ್ಚಾ ಅದು, ಹಂಗೆ ತಬ್ಕೊಂಡು ಕೂತಿದೀಯಲ್ಲ?"

ಐಸ್ ಫ್ಯಾಕ್ಟರಿಯ ಸಾಹುಕಾರ ಕಾರಿನ ಬಾಗಿಲು ಮುಚ್ಚುವ ಮೊದಲೇ ಬೈಗುಳ ಶುರುಮಾಡಿದ್ದ. ಟ್ರಾನ್ಸ್‌ಫಾರ್ಮರ್ ಹೊತ್ತ ಜೋಡಿ ಕಂಬದ ಬುಡದಲ್ಲಿ ನನ್ನ ತಮ್ಮನ ಹೆಂಡತಿ ಕೂತಿದ್ದಳು. ಸ್ವಿಚ್ಚಿನ ಕಬ್ಬಿಣದ ಹಿಡಿಯನ್ನು ಕೆಳಕ್ಕೆ ಎಳೆದಾಗಿತ್ತು. ಹಿಡಿ ಕೆಳಗಿದ್ದರೆ ಲೈನಿನಲ್ಲಿ ಕರೆಂಟಿಲ್ಲ. ಅವಳ ಎಡಗೈ ಅದರ ಮೇಲಿತ್ತು. ಆಳು ಸಣ್ಣಗಿದ್ದಾಳೆ ಅಂತ ನಮ್ಮ ಗುಂಪಿನವರು ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಗುಬ್ಬಿ ಸಾಹುಕಾರನ ಮುಖ ನೋಡಲಿಲ್ಲ, ಬೂಟು ನೋಡಿದಳು.

"ನಮ್ಮನೆಯವರು ಕಂಬದ ಮೇಲಿದಾರೆ ಸಾರ್," ಅಂದಳು.

"ಮೇಲಿದ್ರೆ ನಾನೇನು ಹೋಗಿ ಕಾಲು ಒತ್ಲಾ? ಒಳಗೆ ನನ್ನ ಐಸೆಲ್ಲ ನೀರಾಗ್ತಿದೆ. ಒಂದು ಪಿಂಗಾಣಿ ಬದಲಾಯಿಸೋಕೆ ಬೆಳಗ್ಗೆಯಿಂದ ಆಟ ಆಡ್ತಿದೀರ. ಕೊಬ್ಬು ಜಾಸ್ತಿ ಆಗಿದೆ ನಿಮಗೆ."

ನಮ್ಮ ಕೊಬ್ಬು ಕಾಣಬೇಕಾದರೆ ದುರ್ಬೀನು ಬೇಕು. ನಾನು ನೀರಿನ ಕ್ಯಾನು ಹಿಡಿದು ಅಲ್ಲೇ ನಿಂತಿದ್ದೆ. ಗುಂಡಿ ತೋಡುವುದು, ಕಂಬ ಎಳೆಯುವುದು, ಮೇಲಿದ್ದವರಿಗೆ ನೀರು ಕೊಡುವುದು ನನ್ನ ಕೆಲಸ. ಹತ್ತುವುದು ನನ್ನ ತಮ್ಮನ ಕೆಲಸ. ಕಂಬಕ್ಕೆ ಅಂಟಿಕೊಂಡರೆ ಬಿಡಿಸಲಾಗದು ಎಂದು ಅವನಿಗೆ ಉಡ ಎಂದು ಹೆಸರಾಗಿತ್ತು. ಅವನಿದ್ದ ಕಂಬ ಅಲ್ಲಿಂದ ಮೂರನೆಯದು, ಫ್ಯಾಕ್ಟರಿಯ ಗೋಡೆಗೆ ತಾಗಿದಂತೆ. ಅವನು ಸೊಂಟದ ಬೆಲ್ಟಿಗೆ ಮೈ ಬಿಟ್ಟು, ತಂತಿಯನ್ನು ಹೊತ್ತ ಒಡೆದ ಪಿಂಗಾಣಿಯನ್ನು ತಿರುಪುತ್ತಿದ್ದದ್ದು ಇಲ್ಲಿಗೆ ಕಾಣುತ್ತಿತ್ತು. ಹತ್ತಿದ ಕೂಡಲೇ ತಂತಿಗೆ ಟೆಸ್ಟರ್ ಹಚ್ಚಿ, "ಸತ್ತಿದೆ" ಎಂದು ಕೂಗಿದ್ದ. ಆ ತಂತಿ ಫ್ಯಾಕ್ಟರಿಗೆ ಮಾತ್ರ ಹೋಗುವ ತಂತಿ.

ನಮ್ಮ ಗುಂಪಿನಲ್ಲಿ ಹಿಡಿ ಕಾಯುವುದು ಅಂತ ಒಂದು ಪದ್ಧತಿಯಿದೆ. ಹತ್ತಿದವನ ಮನೆಯವರೇ ಯಾರಾದರೂ ಸ್ವಿಚ್ಚಿನ ಬಳಿ ಕೂರಬೇಕು. ಅವ್ವನೋ, ಹೆಂಡತಿಯೋ, ಅಕ್ಕನೋ. ಮೊದಲು ಹೀಗಿರಲಿಲ್ಲ, ಕರೆಂಟ್ ಆಫೀಸಿಗೆ ಫೋನು ಮಾಡಿ ಲೈನು ಆಫ್ ಮಾಡಿಸುತ್ತಿದ್ದರು. ನಮ್ಮ ಗುಂಪಿನ ಮೇಸ್ತ್ರಿಯ ಅಣ್ಣ ಫೋನು ನಂಬಿ ಹತ್ತಿದ. ಫೋನು ಎತ್ತಿದವನು ಡ್ಯೂಟಿ ಮುಗಿಸಿ ಮನೆಗೆ ಹೋದ, ಬದಲಿಗೆ ಬಂದವನಿಗೆ ಕಂಬದ ಮೇಲೊಬ್ಬನಿದ್ದಾನೆಂದು ಯಾರೂ ಹೇಳಲಿಲ್ಲ. ಅಂದಿನಿಂದ ನಾವು ಫೋನನ್ನೂ ನಂಬುವುದಿಲ್ಲ, ಆಫೀಸನ್ನೂ ನಂಬುವುದಿಲ್ಲ, ಹೆತ್ತವರನ್ನು, ಕಟ್ಟಿಕೊಂಡವರನ್ನು ನಂಬುತ್ತೇವೆ. ಕೂತವರು ಯಾರು ಕರೆದರೂ ಏಳಬಾರದು. ಹತ್ತಿದವನೇ ಇಳಿದು ಬಂದು, ಹಿಡಿಯ ಮೇಲಿನ ಕೈಯ ಮೇಲೆ ತನ್ನ ಕೈ ಇಟ್ಟು, "ಬಂದೆ" ಅನ್ನಬೇಕು. ಆಗ ಏಳುವುದು.

ಇದರ ಬಗ್ಗೆ ನಮ್ಮಲ್ಲಿ ತಮಾಷೆಗೇನೂ ಕಡಿಮೆಯಿಲ್ಲ. ಜಗಳ ಆಡಿದ ದಿನ ಹೆಂಡತಿಯನ್ನು ಕೂರಿಸಬೇಡ, ಅವ್ವನನ್ನು ಕೂರಿಸು ಅನ್ನುತ್ತಾರೆ. ಆವತ್ತು ಬೆಳಗ್ಗೆ ಉಡ ಮತ್ತು ಗುಬ್ಬಿ ನಿಜಕ್ಕೂ ಜಗಳ ಆಡಿದ್ದರು. ಒಗೆದು ಒಣಗಿಸಿದ ಹೊದಿಕೆಯ ಮೇಲೆ ಇವನು ಗ್ರೀಸು ಮೆತ್ತಿದ ಅಂಗಿ ಬಿಚ್ಚಿ ಎಸೆದಿದ್ದ. ಅವಳು ದಾರಿಯುದ್ದಕ್ಕೂ ಬೈದಳು. ಮೇಸ್ತ್ರಿ ನಗುತ್ತ, "ಲೇ ಉಡ, ಇವತ್ತು ನಿಮ್ಮಕ್ಕನ್ನ ಕೂರಿಸು" ಅಂದ. ತಮ್ಮ, "ಇವಳು ಬೈದ್ರೂ ಇವಳೇ ಇರ್ಲಿ ಬಿಡಿ, ಅಕ್ಕ ಆದ್ರೆ ನಿದ್ದೆ ಹೊಡೀತಾಳೆ" ಅಂದ. ನನಗೂ ನಗು ಬಂತು.

ಕಂಬ ಹತ್ತುವ ಮುಂಚೆ ಆಫೀಸಿನ ಸ್ಟೋರಿಗೆ ಹೋಗಿದ್ದೆವು. ಮೇಸ್ತ್ರಿ ಎಂಜಿನಿಯರ್ ಮುಂದೆ ಕೈಕಟ್ಟಿ ನಿಂತ. ಕೆಲಸ ಮಾಡುವ ಜಾಗದ ಆಚೆ ಈಚೆ ತಂತಿಗಳಿಗೆ ಸರಪಳಿ ಹಾಕಿ ನೆಲಕ್ಕೆ ಜೋಡಿಸಿದರೆ, ಎಲ್ಲಿಂದ ಕರೆಂಟು ಬಂದರೂ ಅದು ನೆಲಕ್ಕೆ ಹೋಗುತ್ತದೆ, ಆಳಿನ ಮೈಗೆ ಹೋಗುವುದಿಲ್ಲ. ಸ್ಟೋರಿನ ಗೋಡೆಯ ಮೇಲೆ ಅಂಥ ಸರಪಳಿಗಳು ಸಾಲಾಗಿ ತೂಗುಬಿದ್ದಿದ್ದವು, ಧೂಳು ಹಿಡಿದು.

"ಒಂದು ಜೊತೆ ಕೊಡಿ ಸಾರ್. ಆ ಫ್ಯಾಕ್ಟರಿ ಜನರೇಟರು ನೇರ ಮೀಟರ್ ಬೋರ್ಡಿಗೆ ಸೇರ್ಸವ್ರೆ. ನಾವು ಮೇಲಿದ್ದಾಗ ಅದನ್ನ ಹಾಕಿದ್ರೆ ಕರೆಂಟು ಹಿಂದಕ್ಕೆ ಲೈನಿಗೆ ಬರುತ್ತೆ."

"ಹಾಕಲ್ಲ ಅಂತ ಅವರು ಹೇಳಿದಾರೆ."

"ಆದ್ರೂ ಸಾರ್..."

"ಏನಯ್ಯಾ ಆದ್ರೂ? ಅದು ತಾಮ್ರ. ಪರ್ಮನೆಂಟ್ ನೌಕರರಿಗೆ ಇರೋದು. ಗುತ್ತಿಗೆಯವರ ಕೈಗೆ ಕೊಟ್ರೆ ಸಂಜೆಗೆ ಗುಜರಿ ಅಂಗಡೀಲಿ ಇರುತ್ತೆ. ಹೋಗು, ಹೆಂಗೂ ಹೆಂಡ್ತೀರನ್ನ ಕೂರಿಸ್ತೀರಲ್ಲ, ಕೂರಿಸ್ಕೊಳ್ಳಿ."

ಅಷ್ಟು ಹೇಳಿ ಅವನು ನಕ್ಕ. ಸಾಹೇಬರು ನಕ್ಕಾಗ ನಗಬೇಕು, ಅದೂ ನಮ್ಮ ಕೆಲಸದಲ್ಲಿ ಸೇರಿದೆ. ನಾವೂ ಹಲ್ಲು ಕಿರಿದು ಹೊರಗೆ ಬಂದೆವು.

ಈಗ ಸಾಹುಕಾರ ಬೂಟಿನ ತುದಿಯಿಂದ ಗುಬ್ಬಿಯ ಮೊಣಕಾಲನ್ನು ತಿವಿದ. ಜೋರಾಗಿ ಅಲ್ಲ, ದಾರಿಗೆ ಅಡ್ಡ ಬಂದ ಕಲ್ಲನ್ನು ತಳ್ಳುವ ಹಾಗೆ.

"ಹೇಳಿದ್ದು ಕೇಳಿಸ್ಲಿಲ್ವೇನೇ? ಎದ್ದು ಆ ಕಡೆ ಹೋಗು. ನಾನೇ ಹಾಕ್ತೀನಿ."

ಗುಬ್ಬಿ ಎರಡೂ ಕೈಯಿಂದ ಹಿಡಿ ಹಿಡಿದುಕೊಂಡಳು. "ಒದೀರಿ ಸಾರ್. ಆದ್ರೆ ಏಳಲ್ಲ. ಅವರು ಇಳಿದು ಬರೋಗಂಟ ಏಳಲ್ಲ."

ಸಾಹುಕಾರ ನನ್ನ ಕಡೆ ನೋಡಿದ, ಬೀದಿಯ ಕಡೆ ನೋಡಿದ. ಟೈರಿನ ಅಂಗಡಿಯವನು ಕೆಲಸ ನಿಲ್ಲಿಸಿ ನೋಡುತ್ತಿದ್ದ. "ಭಿಕಾರಿ ನನ್ಮಕ್ಳ, ನಿಮ್ಮ ಕರೆಂಟು ಯಾರಿಗೆ ಬೇಕ್ರೋ" ಎಂದು ಉಗಿದು ಕಾರು ಹತ್ತಿದ. ಕಾರು ಫ್ಯಾಕ್ಟರಿಯ ಗೇಟಿನೊಳಗೆ ಹೋಯಿತು.

"ಸರಿಯಾಗಿ ಮಾಡ್ದೆ" ಅಂದೆ.

"ಗಂಟಲು ಒಣಗಿದೆ ಅಕ್ಕ" ಅಂದಳು. ನೀರು ಕುಡಿಸಿದೆ. ಎರಡು ಗುಟುಕು ಕುಡಿದು, "ಅವರಿಗೆ ಕೊಡು ಹೋಗು. ಬಿಸಿಲಲ್ಲಿ ಬೇಯ್ತಿದಾರೆ. ಬೆಳಗ್ಗೆ ಬೈದೆ ಅಂತ ಏನೂ ತಿಂದಿಲ್ಲ" ಅಂದಳು.

ನಾನು ಎರಡನೇ ಕಂಬ ದಾಟಿದ್ದೆ ಅಷ್ಟೆ. ಗೋಡೆಯಾಚೆ ಜನರೇಟರ್ ಕೆಮ್ಮಿ, ಗುರ್ರೆಂದು ಹಿಡಿದುಕೊಂಡಿತು. ಅದರ ಅರ್ಥ ನನ್ನ ತಲೆಗೆ ಹೋಗುವ ಮುಂಚೆ ಕಂಬದ ಬುಡದಲ್ಲಿದ್ದ ಮೇಸ್ತ್ರಿಯ ಬಾಯಿಂದ ಕೂಗು ಹೊರಟಿತ್ತು. ತಮ್ಮ ಕೂಗಲಿಲ್ಲ. ಅವನ ಕೈಯ ಇಕ್ಕಳ ಕೆಳಗೆ ಬಿತ್ತು. ಮೈ ಒಮ್ಮೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಮೇಸ್ತ್ರಿ ಗೇಟಿನ ಕಡೆ ಓಡುತ್ತ, "ಆಫ್ ಮಾಡ್ರೋ, ಆಫ್ ಮಾಡ್ರೋ ಸೂಳೆಮಕ್ಳ" ಎಂದು ಗೋಡೆಗೆ ಕಲ್ಲು ಬೀಸಿದ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಅಷ್ಟರಲ್ಲಿ ಉಡ ಬೆಲ್ಟಿನಲ್ಲಿ ನೇತಾಡುತ್ತಿದ್ದ. ತಲೆ ಕೆಳಗಾಗಿ, ಕೈಗಳು ಜೋತುಬಿದ್ದು. ಬೆಲ್ಟು ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ನನ್ನ ಕೈಯ ಕ್ಯಾನು ಉರುಳಿ ನೀರೆಲ್ಲ ಚೆಲ್ಲಿತು. ಅದನ್ನೇ ನೋಡುತ್ತ ನಿಂತೆ. ಮೇಲೆ ನೋಡುವ ಧೈರ್ಯ ಇರಲಿಲ್ಲ.

ಅವನನ್ನು ಇಳಿಸಬೇಕಿತ್ತು. ಜೀವ ಇದ್ದರೂ ಇರಬಹುದು ಅನ್ನುವ ಆಸೆ. ಮೇಸ್ತ್ರಿ ಹಗ್ಗ ಹೆಗಲಿಗೆ ಹಾಕಿಕೊಂಡ. ಅವನು ಟ್ರಾನ್ಸ್‌ಫಾರ್ಮರಿನ ಕಡೆ ತಿರುಗಿ, "ಗುಬ್ಬೀ, ಹಿಡಿ ಎಲ್ಲಿದೆ?" ಎಂದು ಕೂಗಿದ.

"ಕೆಳಗಿದೆ. ನಾನು ಕೂತಿದೀನಿ." ಅವಳ ದನಿ ಸ್ಪಷ್ಟವಾಗಿ ಬಂತು. ಆಮೇಲೆ, "ಅವರು ಯಾಕೆ ಹಂಗೆ ಇದಾರೆ ಮೇಸ್ತ್ರಿ?" ಅಂದಳು.

ಮೇಸ್ತ್ರಿ ನಮ್ಮ ಗುಂಪಿನ ಒಬ್ಬನನ್ನು ಫ್ಯಾಕ್ಟರಿಯ ಗೇಟಿಗೆ ಓಡಿಸಿ, ಜನರೇಟರ್ ಮುಟ್ಟಿದವನ ಕೈ ಮುರಿ ಎಂದು ಹೇಳಿ ಹತ್ತಲು ಶುರುಮಾಡಿದ.

ನಾನು ಗುಬ್ಬಿಯ ಹತ್ತಿರ ಓಡಿದೆ. ಅವಳು ಕೂತಲ್ಲೇ ಕೂತಿದ್ದಳು. ಕಣ್ಣು ಆ ಕಂಬದ ಮೇಲೆ, ಕೈ ಹಿಡಿಯ ಮೇಲೆ.

"ಅಕ್ಕ, ಹಿಡಿ ಕೆಳಗೇ ಇದೆ ನೋಡು. ನಾನು ಎದ್ದಿಲ್ಲ. ಕೈನೂ ತೆಗ್ದಿಲ್ಲ."

"ಗೊತ್ತು ಕಣೇ. ಜನರೇಟರ್ ಹಾಕಿದ್ರು. ಆ ಕಡೆಯಿಂದ ಬಂತು."

"ಜೀವ ಇದ್ಯಾ?"

"ಮೇಸ್ತ್ರಿ ಹತ್ತಿದಾರೆ. ನೀನು ಹೋಗು, ನಾನು ಕೂತ್ಕೋತೀನಿ. ಹೋಗು ಗುಬ್ಬಿ."

ಅವಳು ಏಳಲು ಹೊರಟಳು, ನಾನು ನೋಡಿದೆ. ಇಡೀ ಮೈ ಆ ಕಡೆಗೆ ಎದ್ದಿತು, ಹಿಡಿಯ ಮೇಲಿದ್ದ ಕೈಯೊಂದರ ಹೊರತು. ಅಷ್ಟರಲ್ಲಿ ಬೀದಿಯಲ್ಲಿ ಸೇರಿದ ಜನರ ನಡುವೆ ಯಾರೋ, "ಹೆಂಗಸು ತೂಕಡಿಸಿದ್ಲಂತೆ, ಯಾರೋ ಸ್ವಿಚ್ ಹಾಕಿದ್ರಂತೆ" ಅಂದರು. ಇನ್ನೊಬ್ಬರು, "ಪಾಪ, ಹೆಂಡ್ತಿಯಂತೆ" ಅಂದರು. ಹೆಣ ಇನ್ನೂ ಕೆಳಗೆ ಇಳಿದಿರಲಿಲ್ಲ, ಸುದ್ದಿ ಆಗಲೇ ಇಳಿದು ಬಂದು ಬೀದಿ ತಿರುಗುತ್ತಿತ್ತು. ಫ್ಯಾಕ್ಟರಿಯ ಕಾವಲುಗಾರ ಬಂದು ಗುಬ್ಬಿಯ ಪಕ್ಕದಲ್ಲೇ ನಿಂತ. ಅವನ ಕಣ್ಣು ಹಿಡಿಯ ಮೇಲಿತ್ತು.

ಗುಬ್ಬಿ ಮತ್ತೆ ಕೂತಳು.

"ನಾನು ಏಳಲ್ಲ ಅಕ್ಕ. ಒಂದ್ಸಲ ಎದ್ರೆ ಮುಗೀತು, ಎದ್ದಿದ್ಲು ಅಂತಾರೆ. ಮೇಸ್ತ್ರಿ ಬೇರೆ ಮೇಲಿದಾರೆ. ನೀನೇ ಹೋಗು. ಇಳಿಸುವಾಗ ತಲೆ ಹಿಡ್ಕೋ, ಕಂಬಕ್ಕೆ ತಾಗಬಾರ್ದು." ಅಲ್ಲಿಗೆ ಅವಳ ದನಿ ಒಡೆಯಿತು. "ಕೈ ಸುಟ್ಟಿದ್ರೆ ನಂಗೆ ಬಂದು ಹೇಳ್ಬೇಡ."

ನಾನು ಹೊರಡುವಷ್ಟರಲ್ಲಿ ಎಂಜಿನಿಯರನ ಜೀಪು ಬಂತು. ಅವನು ಕಂಬದ ಕಡೆ ಹೋಗಲಿಲ್ಲ. ನೇರ ಸ್ವಿಚ್ಚಿನ ಹತ್ತಿರ ಬಂದ. ಹಿಂದೆ ಸಾಹುಕಾರನೂ ಬಂದ, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ.

"ಏನಮ್ಮಾ, ಎಷ್ಟು ಹೊತ್ತಿಗೆ ಎದ್ದು ಹೋಗಿದ್ದೆ?"

"ಎದ್ದಿಲ್ಲ ಸಾರ್."

"ಒಂದಕ್ಕೆ ಹೋಗಿರ್ತೀಯ. ಇಷ್ಟು ಹೊತ್ತು ಯಾರು ತಡ್ಕೊಂಡಿರ್ತಾರೆ? ನಾಚ್ಕೋಬೇಡ, ಹೇಳು."

ಜನ ಕಿಸಕ್ಕೆಂದರು. ಗುಬ್ಬಿ ತಲೆ ಎತ್ತಿದಳು. "ಒಂದಕ್ಕೆ ಇಲ್ಲೇ ಹೋಗಿದೀನಿ ಸಾರ್, ಕೂತಲ್ಲೇ. ಬಟ್ಟೆ ಒದ್ದೆಯಾಗಿದೆ. ಮುಟ್ಟಿ ನೋಡ್ತೀರಾ?"

ಕಿಸಕ್ಕೆಂದವರು ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಎದೆ ಉರಿಯಿತು. ಸಾಹುಕಾರ ಬೈಯುವಾಗಲೂ ಅವಳು ಹಾಗೇ ಕೂತಿದ್ದಳು, ನನಗೂ ಹೇಳಿರಲಿಲ್ಲ.

ಎಂಜಿನಿಯರ್ ದನಿ ತಗ್ಗಿಸಿ ಕುಕ್ಕರುಗಾಲಿನಲ್ಲಿ ಕೂತ, ಹತ್ತಿರದ ನೆಂಟನ ಹಾಗೆ. "ನೋಡಮ್ಮಾ, ಬೆಳಗ್ಗೆ ಗಂಡ ಹೆಂಡ್ತಿ ಜಗಳ ಆಡಿದ್ರಂತೆ. ನಿಮ್ಮವರೇ ಹೇಳ್ತಿದಾರೆ. ನೀನು ಎದ್ದಿಲ್ಲ ಅಂದ್ರೆ, ಸಿಟ್ಟಲ್ಲಿ ನೀನೇ ಹಾಕಿದೆ ಅಂತ ಆಗುತ್ತೆ. ಕೊಲೆ ಆಗುತ್ತೆ ಅದು. ಎದ್ದಿದ್ದೆ, ಯಾರು ಹಾಕಿದ್ರೋ ಗೊತ್ತಿಲ್ಲ ಅನ್ನು. ಬರೀ ಅಚಾತುರ್ಯ ಆಗುತ್ತೆ. ನಿಂಗೂ ಏನಾದ್ರೂ ವ್ಯವಸ್ಥೆ ಮಾಡೋಣ."

ಹೊದಿಕೆಯ ಮೇಲೆ ಅಂಗಿ ಎಸೆದದ್ದಕ್ಕೆ ಒಬ್ಬಳು ಗಂಡನನ್ನು ಸುಟ್ಟಳು ಎಂದು ಅವನು ಹೇಳುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರ ಕಾವಲುಗಾರನಿಗೆ ಕಣ್ಣುಸನ್ನೆ ಮಾಡಿದ. "ಫ್ಯಾಕ್ಟರಿಗೆ ಕರೆಂಟಿಲ್ಲ. ಮೊದಲು ಸ್ವಿಚ್ ಎತ್ತು, ಆಮೇಲೆ ಮಾತಾಡೋಣ."

"ಎತ್ತಿ," ಅಂದಳು ಗುಬ್ಬಿ. "ಮೇಲೆ ಮೇಸ್ತ್ರಿ ಇದಾರೆ. ಎಲ್ಲರ ಕಣ್ಮುಂದೆ ಎತ್ತಿ."

ಜನರೆಲ್ಲ ತಿರುಗಿ ಕಂಬ ನೋಡಿದರು. ಮೇಸ್ತ್ರಿ ಒಂದು ಕೈಯಲ್ಲಿ ತಂತಿಯ ಪಕ್ಕದ ಕಬ್ಬಿಣ ಹಿಡಿದು, ಇನ್ನೊಂದರಲ್ಲಿ ನನ್ನ ತಮ್ಮನನ್ನು ಅವಚಿಕೊಂಡಿದ್ದ. ಕಾವಲುಗಾರ ಕೈ ಹಿಂದಕ್ಕೆ ತೆಗೆದುಕೊಂಡ. ನಾನು ಕಂಬದ ಕಡೆ ಓಡಿದೆ.

ಹಗ್ಗದಲ್ಲಿ ಇಳಿಸಿದರು. ತಲೆ ನಾನು ಹಿಡಿದುಕೊಂಡೆ, ಅವಳು ಹೇಳಿದ ಹಾಗೆ. ಜೀವ ಇರಲಿಲ್ಲ. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು, ಅವನ ತಲೆಯ ಭಾರ ನನಗೆ ಗೊತ್ತು. ಅದು ಆ ಭಾರವಾಗಿರಲಿಲ್ಲ. ಎರಡೂ ಅಂಗೈ ಕಪ್ಪಗೆ ಸೀದಿದ್ದವು. ನಾನು ಅವನ್ನು ಮುಚ್ಚಿ, ಬೆರಳು ಮಡಿಸಿ ನನ್ನ ತಲೆಯ ಬಟ್ಟೆ ಹರಿದು ಸುತ್ತಿದೆ. ಅತ್ತೆನೋ ಇಲ್ಲವೋ ನೆನಪಿಲ್ಲ. ಮುಖ ಒದ್ದೆಯಾಗಿತ್ತು.

ಏಣಿಯ ಮೇಲೆ ಮಲಗಿಸಿ ಗುಬ್ಬಿಯ ಹತ್ತಿರ ತಂದೆವು. ಅವಳ ಕಾಲಿಗೆ ತಾಗುವಂತೆ ಇಳಿಸಿದೆವು. ಅವಳು ಎಡಗೈಯನ್ನು ಹಿಡಿಯಿಂದ ತೆಗೆಯಲಿಲ್ಲ. ಬಲಗೈ ಚಾಚಿ ಅವನ ಹಣೆ ಮುಟ್ಟಿದಳು, ಕೆನ್ನೆ ಮುಟ್ಟಿದಳು, ತುಟಿಯ ಮೇಲೆ ಬೆರಳಿಟ್ಟು ಉಸಿರು ಹುಡುಕಿದಳು.

"ಬೈದೆ ಅಂತ ಮಾತಾಡ್ತಿಲ್ವಾ?" ಅಂದಳು ಮೆಲ್ಲಗೆ. "ಇನ್ಮೇಲೆ ಬೈಯಲ್ಲ. ಎಲ್ಲಿ ಬೇಕಾದ್ರೂ ಬಿಸಾಕು ಅಂಗೀನ."

ಮೇಸ್ತ್ರಿ ಮುಖ ಆಚೆ ತಿರುಗಿಸಿದ. ಎಷ್ಟು ಹೆಣ ಇಳಿಸಿದವನು ಅವನು. ಅವನ ಭುಜ ಕುಲುಕುತ್ತಿತ್ತು.

ಎಂಜಿನಿಯರ್ ಗಂಟಲು ಸರಿಮಾಡಿಕೊಂಡ. "ಈಗ ಮೇಲೆ ಯಾರೂ ಇಲ್ಲ. ಏಳಮ್ಮ. ದುಃಖ ಇದೆ, ಒಪ್ತೀನಿ. ಮನೆಗೆ ಹೋಗಿ ಅಳು."

"ನನ್ನ ಎಬ್ಬಿಸ್ಬೇಕಾದವರು ಇಲ್ಲಿ ಮಲಗಿದಾರೆ."

"ಹಟ ಮಾಡ್ಬೇಡ."

"ಹಟ ಅಲ್ಲ ಸಾರ್. ಸಾಹುಕಾರ್ರಿಗೆ ಹೇಳಿ ಜನರೇಟರ್ ಹಾಕ್ಸಿ. ಹಿಡಿ ಹಿಂಗೇ ಕೆಳಗಿರ್ಲಿ, ನಾನು ಹಿಂಗೇ ಕೂತಿರ್ತೀನಿ. ಮೇಸ್ತ್ರಿ ಉದ್ದ ಕೋಲಿಗೆ ಟೆಸ್ಟರ್ ಕಟ್ಟಿ ತಂತಿಗೆ ಹಚ್ಚಲಿ. ಉರೀತೋ ಇಲ್ವೋ ಇಷ್ಟು ಜನ ನೋಡ್ಲಿ. ಆಮೇಲೆ ಏಳ್ತೀನಿ. ನೀವು ಹೇಳಿದ ಕಡೆ ಹೋಗ್ತೀನಿ, ಜೈಲಿಗೆ ಬೇಕಾದ್ರೂ."

ಟೈರಿನ ಅಂಗಡಿಯವನು ಮುಂದೆ ಬಂದು, "ಹಾಕಿ ಸಾಹುಕಾರ್ರೇ, ಒಂದು ನಿಮಿಷದ ಕೆಲಸ" ಅಂದ. ಇನ್ನೊಬ್ಬರು, "ಐಸ್ ಕರಗ್ತಿದೆ ಅಂತಿದ್ರಲ್ಲ, ಆಫ್ ಯಾಕೆ ಮಾಡಿದ್ರಿ?" ಅಂದರು. ಸ್ವಲ್ಪ ಮುಂಚೆ ಕಿಸಕ್ಕೆಂದವರೇ ಅವರು. ಸಾಹುಕಾರ, "ಡೀಸೆಲ್ ಮುಗಿದಿದೆ" ಎಂದು ಹೇಳಿ ಗೇಟಿನೊಳಗೆ ಹೋದ. ಎಂಜಿನಿಯರ್ ಜೀಪಿನ ಹಿಂದೆ ನಿಂತು ಪೊಲೀಸರಿಗೆ ಫೋನು ಮಾಡಿದ.

ಬಿಸಿಲು ಏರಿತು. ನಾವು ಏಣಿಯ ಸುತ್ತ ನಿಂತು ಅವನ ಮುಖಕ್ಕೆ ನೆರಳು ಮಾಡಿದೆವು. ಗುಬ್ಬಿಯ ಎಡಗೈ ಬೆರಳುಗಳು ಬಿಳಿಚಿದ್ದವು. ಸ್ವಲ್ಪ ಹೊತ್ತು ಬಿಡು ಅಂದೆ, ಬಿಡಲಿಲ್ಲ.

ಫ್ಯಾಕ್ಟರಿಯ ಗೇಟು ತೆರೆದು ಕೈಗಾಡಿಯೊಂದು ಹೊರಬಂತು. ಅದರ ಮೇಲೆ ಹೊಟ್ಟು ಮೆತ್ತಿದ ದೊಡ್ಡ ದೊಡ್ಡ ಐಸ್ ಗಡ್ಡೆಗಳು. ತಳ್ಳುತ್ತಿದ್ದವನು ಬರಿಗಾಲಿನ ಮುದುಕ, ಫ್ಯಾಕ್ಟರಿಯ ಕೂಲಿ. ಏಣಿಯ ಹತ್ತಿರ ನಿಲ್ಲಿಸಿ, ನೆಲ ನೋಡುತ್ತ ಅಂದ:

"ಸಾಹುಕಾರ್ರು ಕಳ್ಸವ್ರೆ. ಹೆಣ ಕೆಡಬಾರ್ದು ಅಂತ. ಬಿಟ್ಟಿ ಅಂತೆ."

ಮೇಸ್ತ್ರಿ ಗುಬ್ಬಿಯ ಕಡೆ ನೋಡಿದ. ಬಿಸಿಲು ಹಾಗಿತ್ತು, ನೊಣ ಬರಲು ಶುರುವಾಗಿತ್ತು. ತಮ್ಮನ ಮೈ ಉಳಿಸಿಕೊಳ್ಳಬೇಕಾದರೆ ಅದು ಬೇಕಿತ್ತು. ನಾನೂ ಹಾಗೇ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

"ಹಾಕೋಣವಾ ಮಗಳೇ?" ಎಂದು ಮೇಸ್ತ್ರಿ ಕೇಳಿದ.

ಗುಬ್ಬಿ ಐಸನ್ನು ನೋಡಿದಳು. ಆಮೇಲೆ ಮುದುಕನಿಗೆ, "ಇಳಿಸು ತಾತ. ಅಲ್ಲಿ, ರಸ್ತೆ ಮಧ್ಯ ಇಡು" ಅಂದಳು.

ಮುದುಕ ಒಂದೊಂದೇ ಗಡ್ಡೆಯನ್ನು ಡಾಂಬರಿನ ಮೇಲೆ ಇಳಿಸಿದ. ಕೆಲಸ ಮುಗಿದ ಮೇಲೆ ಅವನು ಗಾಡಿ ಹಿಂದಕ್ಕೆ ತಳ್ಳಿಕೊಂಡು ಹೋಗಲಿಲ್ಲ. ಗಾಡಿಯ ಪಕ್ಕದಲ್ಲಿ ನಮ್ಮ ಜೊತೆ ಕುಕ್ಕರಿಸಿದ.

"ಇದಕ್ಕೆ ತಾನೇ ಅವರು ಹೋಗಿದ್ದು," ಅಂದಳು ಗುಬ್ಬಿ. "ಕರಗ್ಲಿ. ಯಾರೂ ಮುಟ್ಬೇಡಿ."

ಬೀದಿಯ ತುದಿಯಲ್ಲಿ ಪೊಲೀಸ್ ವ್ಯಾನಿನ ಸದ್ದು ಕೇಳಿಸಿತು. ನಾನು ಅವಳ ಪಕ್ಕದಲ್ಲಿ, ಆ ಒದ್ದೆ ನೆಲದ ಮೇಲೆ ಕೂತು, ಹಿಡಿಯ ಮೇಲೆ ಅವಳ ಕೈಯ ಪಕ್ಕಕ್ಕೆ ನನ್ನ ಕೈ ಇಟ್ಟೆ. ಕಬ್ಬಿಣ ಕಾದು ಸುಡುತ್ತಿತ್ತು. ಮೇಸ್ತ್ರಿ ಬಂದು ಈ ಕಡೆ ಕೂತ. ಐಸಿನ ನೀರು ರಸ್ತೆಯ ಇಳಿಜಾರಿನಲ್ಲಿ ಹರಿದು, ಏಣಿಯ ಕೆಳಗೆ ನುಗ್ಗಿ, ನನ್ನ ತಮ್ಮನ ಬೆನ್ನನ್ನು ನೆನೆಸತೊಡಗಿತು. ಗುಬ್ಬಿ ಬಲಗೈಯಿಂದ ಅವನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ವ್ಯಾನು ಬಂದು ನಿಂತಿತು, ಬಾಗಿಲು ತೆರೆಯಿತು. ನಾವು ಯಾರೂ ಏಳಲಿಲ್ಲ.